ನಮ್ಮ ಚುಕ್ಕಿಯ ಶುಗರ್ ಪಥ್ಯ

ನಾನು ಯಾರಿಗಾದ್ರೂ ಒಳ್ಳೇದು ಮಾಡೋಕೆ ಹೊರಟ್ರೆ ಏನಾದ್ರೂ ಎಡವಟ್ಟು ಆಗೇ ಆಗುತ್ತೆ. ಮನುಷ್ಯರಾದ್ರೆ ತಪ್ಪಾಯ್ತು ಅಂತ ಕೈ ಮುಗಿದು ಬಚಾವಾಗಬಹುದು. ಈ ಸಲ ನನ್ನ ಕೈಗೆ ಸಿಕ್ಕಿದ್ದು ನಮ್ಮನೆ ಬೆಕ್ಕು ಚುಕ್ಕಿ.

ರಾಗಿ

ಕುಮಾರಸ್ವಾಮಿ ಲೇಔಟಿನ ನಮ್ಮನೇಲಿ ಚುಕ್ಕಿ ಹತ್ತು ವರ್ಷ ಮೊಸರನ್ನ ತಿಂದೇ ಬೆಳೆದಳು. ಹೋದ ವರ್ಷ ನೀರು ಕುಡಿದಿದ್ದೇ ಕುಡಿದಿದ್ದು, ಹಿಂಗಾಲು ಎಳ್ಕೊಂಡು ನಡೆಯೋಕೆ ಶುರು ಮಾಡಿದಳು. ಪ್ರಾಣಿಗಳ ಡಾಕ್ಟರಮ್ಮ ರಕ್ತ ನೋಡಿ ಶುಗರ್ ಅಂದ್ರು. ದಿನಕ್ಕೆರಡು ಸಲ ಇನ್ಸುಲಿನ್. ಕಾರ್ಬೋಹೈಡ್ರೇಟ್ ಕಮ್ಮಿ ಇರೋ ಊಟ ಕೊಟ್ರೆ ಮುಂದೆ ಇಂಜೆಕ್ಷನ್ನೇ ಬೇಡವಾಗಬಹುದು, ಪಥ್ಯ ತಪ್ಪಿದ್ರೆ ಪ್ರಾಣಕ್ಕೇ ಬರುತ್ತೆ ಅಂತ ಎಚ್ಚರಿಸಿದ್ರು.

ಶುಗರ್ ಅಂದ್ಮೇಲೆ ರಾಗಿ, ಅದರಲ್ಲಿ ಕೇಳೋದೇನಿದೆ? ನನಗೂ ಶುಗರ್, ನಾನೂ ತಿನ್ನೋದು ಮುದ್ದೆ. ಒಂದು ವಾರ ರಾಗಿ ಅಂಬಲೀನ ಬೆರಳಿನಿಂದ ಅವಳ ಬಾಯಿಗೆ ಸವರಿದೆ. ಅವಳು ನನ್ನನ್ನೇ ದುರುಗುಟ್ಟಿ ನೋಡ್ತಾ ನೆಕ್ಕಿ ನುಂಗಿದಳು. ಶುಗರ್ ಇನ್ನೂ ಏರಿತು. ರಾಗಿ ಕೊಡಿ ಅಂತ ಯಾರು ಹೇಳಿದ್ದು ಅಂತ ಡಾಕ್ಟರಮ್ಮ ಕೇಳಿದ್ರು. ನನ್ನ ಡಾಕ್ಟರು ಅಂದೆ.

"ಹಾಗಾದ್ರೆ ಅವರ ಹತ್ರಾನೇ ಇದಕ್ಕೂ ಇಂಜೆಕ್ಷನ್ ಹಾಕಿಸ್ಕೊಳ್ಳಿ" ಅಂದ್ರು.

ಪೊಟ್ಟಣ

ಬನಶಂಕರಿಯ ಅಂಗಡೀಲಿ ಬೆಕ್ಕಿನ ತಿಂಡಿ ಪೊಟ್ಟಣ ತಿರುಗಿಸಿ ನೋಡಿದೆ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಅನ್ನೋ ಖನಿಜಾಂಶ ಎಲ್ಲಾ ಬರೆದಿದೆ, ಕಾರ್ಬೋಹೈಡ್ರೇಟ್ ಮಾತ್ರ ಇಲ್ಲ. ಎಲ್ಲ ಕೂಡಿಸಿ ನೂರರಲ್ಲಿ ಕಳೀರಿ, ಉಳಿದದ್ದೇ ಅದು ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ರು. ಬಸ್ ಟಿಕೆಟ್ ಹಿಂದೆ ಕೂಡ್ತಾ ಕಳೀತಾ ನಿಂತೆ. ಒಣ ತಿಂಡಿ ಒಂದೂ ಪಾಸಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿ, ಬಿಪಿ ಇದ್ರೆ ಏನು ಕೊಡಬಹುದು ಸಾರ್ ಅಂತ ಕೇಳಿದ್ರು. ಬೆಕ್ಕಿಗಾ ನಾಯಿಗಾ ಅಂದೆ.

"ನಮ್ಮ ಯಜಮಾನ್ರಿಗೆ" ಅಂದ್ರು.

ಕೋಳಿ

ಕೊನೆಗೆ ಡಾಕ್ಟರಮ್ಮನೇ ಒಂದು ಡಬ್ಬಿ ಆಹಾರ ಬರೆದುಕೊಟ್ಟು, ಜೊತೆಗೆ ಸ್ವಲ್ಪ ಬೇಯಿಸಿದ ಕೋಳಿ ಕೊಡಿ ಅಂದ್ರು. ನಮ್ಮದು ಸಸ್ಯಾಹಾರಿ ಮನೆ. ಅರವತ್ತರ ವಯಸ್ಸಲ್ಲಿ ಹೆಲ್ಮೆಟ್ ತೆಗೀದೆ ಕೋಳಿ ಅಂಗಡಿ ಮುಂದೆ ನಿಂತು, ಬೆಕ್ಕಿಗೆ ಬೇಕಿತ್ತು ಅಂತ ಪಿಸುಗುಟ್ಟಿದೆ. ಅಂಗಡಿಯವನು ತಲೆ ಎತ್ತದೆ ಕತ್ತರಿಸ್ತಾ ಹೇಳಿದ:

"ನಾಚ್ಕೋಬೇಡಿ ಸಾರ್. ನಿಮ್ಮ ರೋಡಿನವರೆಲ್ಲ ಬೆಕ್ಕಿಗೇ ತಗೊಂಡು ಹೋಗೋದು."

ಕಾಗೆ

ಇಷ್ಟಾದ್ರೂ ಶುಗರ್ ಇಳೀಲಿಲ್ಲ. ಯಾರೋ ಕದ್ದು ಅನ್ನ ಹಾಕ್ತಿದಾರೆ ಅಂದ್ರು ಡಾಕ್ಟರಮ್ಮ. ಯಾರು ಅಂತ ನನಗೆ ಅನುಮಾನವೇ ಇರಲಿಲ್ಲ. ಪಕ್ಕದ ಮನೆ ಅಜ್ಜಿಗೆ ಚುಕ್ಕಿ ಅಂದ್ರೆ ಪ್ರಾಣ. ಗೇಟಿನ ಹತ್ರ ನಿಂತು, ನಿಮ್ಮ ಪ್ರೀತಿಯಿಂದಲೇ ಅದು ಸಾಯೋದು ಅಂತ ರೇಗಿಬಿಟ್ಟೆ. ಅವರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

ಎರಡು ತಿಂಗಳಾದ್ಮೇಲೆ ಒಂದು ಮಧ್ಯಾಹ್ನ, ಎಂದಿನ ಹಾಗೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕಾಗೆಗೆ ಅನ್ನ ಇಟ್ಟು ಒಳಗೆ ಬಂದೆ. ಕನ್ನಡಕ ಅಲ್ಲೇ ಬಿಟ್ಟಿದ್ದೆ, ವಾಪಸ್ ಹೋದ್ರೆ ಚುಕ್ಕಿ ಕಲ್ಲು ನೆಕ್ತಿದಾಳೆ.

ಅಪ್ಪ ಹೋದಾಗಿನಿಂದ, ಐದು ವರ್ಷ, ಒಂದು ದಿನವೂ ತಪ್ಪದೆ ಇಟ್ಟಿದೀನಿ. ಹತ್ತೇ ನಿಮಿಷಕ್ಕೆ ಖಾಲಿ ಆಗೋದು. ಕಾಗೆಯಾಗಿ ಅಪ್ಪನೇ ಬಂದು ಉಂಡು ಹೋದ್ರು ಅಂತ ಸಮಾಧಾನ ಮಾಡ್ಕೊತಿದ್ದೆ. ಮೊಸರು ಬೇಕಂತಲೇ ಜಾಸ್ತಿ ಹಾಕ್ತಿದ್ದೆ. ಅವರಿಗೂ ಶುಗರ್ ಇತ್ತು. ಕೊನೇ ದಿನಗಳಲ್ಲಿ ಒಂದು ತುತ್ತು ಮೊಸರನ್ನ ಕೊಡೋ ಅಂತ ಕೇಳಿದಾಗ ಗದರಿದ್ದೆ. ಅದು ಇವತ್ತಿಗೂ ಒಳಗೆ ಚುಚ್ಚುತ್ತೆ.

ಅವತ್ತೇ ಸಂಜೆ ಅಜ್ಜಿ ಮನೆಗೆ ಹೋಗಿ, ಅಪ್ಪ ಕೇಳಿದ ತುತ್ತಿನ ವಿಷಯವೂ ಸೇರಿ ನಡೆದದ್ದೆಲ್ಲ ಹೇಳಿ ತಪ್ಪಾಯ್ತು ಅಂದೆ. ಚುಕ್ಕಿ ದಿನಾ ನನ್ನ ಬಾಗಿಲ ಮುಂದೆ ಕೂತು ಕೂಗ್ತಿತ್ತು, ಕಿವಿ ಮುಚ್ಕೊಂಡು ಒಳಗಿರ್ತಿದ್ದೆ ಕಣಪ್ಪ ಅಂದ್ರು. ನಾನು ತಲೆ ತಗ್ಗಿಸಿದೆ. ಇನ್ಮೇಲೆ ಕಾಗೆಗೆ ಏನಿಡ್ತೀಯ ಅಂತ ಅವರೇ ಕೇಳಿದ್ರು.

"ಅನ್ನ ಇಟ್ರೆ ಬೆಕ್ಕು ಉಳಿಯಲ್ಲ" ಅಂದೆ. "ಬೆಕ್ಕಿಗೆ ಆಗೋ ಕೋಳಿ ಇಟ್ರೆ, ಅಪ್ಪ ಬೈಯೋಕೆ ಎದ್ದೇ ಬಂದುಬಿಡ್ತಾರೆ."

"ಬರ್ಲಿ ಬಿಡು" ಅಂದ್ರು ಅಜ್ಜಿ. "ಬಂದ್ರೆ ಕೂರಿಸಿ ಒಂದು ತುತ್ತು ಮೊಸರನ್ನ ಹಾಕು."