ಅಕ್ಲಂಡನಿಗೆ ಬಿದ್ದ ಒಂದೇ ಓಟು

ಕ್ಲಾರಿ ಅಕ್ಲಂಡನ ಗ್ರಹಚಾರಕ್ಕೆಲ್ಲ ಅವನ ಮನೆತನದ ಹೆಸರೇ ಕಾರಣ. ದಕ್ಷಿಣ ಆಸ್ಟ್ರೇಲಿಯಾದ ಗೋಧಿ ಸೀಮೆಯ ಸಣ್ಣ ಊರಿನಲ್ಲಿ ಬ್ರೆಡ್ಡು ಬೇಯಿಸಿಕೊಂಡು ತೆಪ್ಪಗಿದ್ದವನನ್ನು ಐವತ್ಮೂರರ ರಾಜ್ಯ ಚುನಾವಣೆಗೆ ಎಳೆದು ತಂದವನು ಗೆಳೆಯ ಮರ್ವ್.

“ಚೀಟೀಲಿ ಹೆಸರು ಅಕ್ಷರಕ್ರಮದಲ್ಲಿರುತ್ತೆ ಕಣೋ. ಓಟು ಹಾಕದಿದ್ರೆ ದಂಡ ಬೀಳುತ್ತೆ ಅಂತ ಹೆದರಿ ಬರೋ ಸೋಮಾರಿಗಳು ಮೇಲಿಂದ ಕೆಳಕ್ಕೆ ಒಂದು, ಎರಡು, ಮೂರು ಅಂತ ಗೀಚಿ ಹೋಗ್ತಾರೆ. ನೀನು ಮೊದಲು, ನಮ್ಮ ಪಕ್ಷದ ಬಾಸ್ಟೋ ಎರಡನೆಯವನು. ಒಂದು ಅಂತ ಬರೆದವನು ಸೋತ್ರೆ ಆ ಓಟು ಎರಡು ಅಂತ ಬರೆದವನಿಗೆ ದಾಟುತ್ತೆ; ನೀನು ಸೋತ ತಕ್ಷಣ ನಿನ್ನ ಓಟೆಲ್ಲ ಅವನಿಗೆ!”

“ಸೋಲೋದು ಖಂಡಿತ ತಾನೆ?”

“ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯಾ?”

ಹೆಂಡತಿ ನೆಲ್‌ಗೆ ಈ ಒಳಗುಟ್ಟು ಗೊತ್ತಿರಲಿಲ್ಲ. ಹಾಲಿ ಶಾಸಕ ರ‍್ಯಾಂಕಿನ್ ಊರಿನ ಕೃಷಿ ಪ್ರದರ್ಶನದಲ್ಲಿ ತೀರ್ಪುಗಾರನಾಗಿ ಕೂತು ಅವಳ ಕೇಕಿಗೆ ಎರಡನೇ ಬಹುಮಾನ ಕೊಟ್ಟಿದ್ದ. “ಆ ನಾಲಿಗೆ ಸತ್ತವನನ್ನ ಮನೆಗೆ ಕಳಿಸು. ಇಲ್ಲಾಂದ್ರೆ ನನ್ನ ಹತ್ರ ಮಾತಾಡ್ಬೇಡ,” ಎಂದು ಕಟ್ಟಪ್ಪಣೆ ಮಾಡಿದಳು.

ಮತದಾನದ ಶನಿವಾರ ಕ್ಲಾರಿ ಸಭಾಭವನದ ಬಾಗಿಲಲ್ಲಿ ನಿಂತಿದ್ದ. ಮೊದಲು ಬಂದವಳು ದರ್ಜಿ ಅಂಗಡಿಯ ಫಿಟ್ಸ್‌ನರಮ್ಮ.

“ಕನ್ನಡಕ ಮನೇಲೇ ಬಿಟ್ಟುಬಂದೆ ಕ್ಲಾರಿ. ಸುಮ್ನೆ ಮೇಲಿಂದ ಕೆಳಕ್ಕೆ ಬರೀತೀನಿ.”

ಹಿಂದೆ ನಿಂತಿದ್ದವರೂ “ನಾವೂ ಅಷ್ಟೇ” ಎಂದರು. ಕ್ಲಾರಿ ಸಾಲಿನ ತಲೆಗಳನ್ನು ಎಣಿಸಿದ. ಗೆದ್ದೇಬಿಟ್ಟರೆ? ಯೀಸ್ಟು ಕೇಳುವುದಕ್ಕೇ ತೊದಲುವವನು ರಾಜಧಾನಿ ಅಡಿಲೇಡಿನ ಶಾಸನಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಬೇಕೆ?

“ದಮ್ಮಯ್ಯ, ನನಗೆ ಮಾತ್ರ ಓಟು ಹಾಕಲೇಬೇಡಿ! ನಾನು ಅಡಿಲೇಡಿಗೆ ಹೋದ್ರೆ ನಿಮಗೆ ಬೆಳಿಗ್ಗೆ ಬ್ರೆಡ್ಡು ಯಾರು ಕೊಡ್ತಾರೆ?”

“ಅಯ್ಯೋ, ಹೌದಲ್ಲ!” ಎಂದು ಫಿಟ್ಸ್‌ನರಮ್ಮ ಹೌಹಾರಿದಳು. ಸುದ್ದಿ ಸಾಲಿನುದ್ದಕ್ಕೂ ಹಬ್ಬಿತು. ಬ್ರೆಡ್ಡಿನ ಮಾತು ಯಾವ ಭಾಷಣವೂ ನಾಟದಷ್ಟು ನಾಟಿತು. ಸಂಜೆಯವರೆಗೂ ಬಂದವರಿಗೆಲ್ಲ ಅದನ್ನೇ ಹೇಳಿ ಕ್ಲಾರಿಯ ಗಂಟಲು ಕಟ್ಟಿತು. ಕೊನೆಗೆ ಒಳಗೆ ಹೋಗಿ, ತನ್ನ ಸೋಲು ಗಟ್ಟಿಯಾಗಿಯೇ ಇರಲಿ ಎಂದು ರ‍್ಯಾಂಕಿನ್ ಹೆಸರಿನ ಮುಂದೆಯೇ ಒಂದು ಎಂದು ಬರೆದು ಬಂದ.

ಎಣಿಕೆ ಮುಗಿದು ಊರಿನ ಫಲಿತಾಂಶ ಕಪ್ಪು ಹಲಗೆಗೆ ಏರಿತು. ರ‍್ಯಾಂಕಿನ್ ಬಾಸ್ಟೋನನ್ನು ಮಣ್ಣು ಮುಕ್ಕಿಸಿದ್ದ. ಅಕ್ಲಂಡ್: ಒಂದು.

“ಬಾಸ್ಟೋಗೆ ದಾಟಿಸೋಕೆ ಈ ಒಂದೇ ಓಟೇನೋ ಉಳಿಸಿಟ್ಟಿದ್ದು?” ಎಂದು ಮರ್ವ್ ಹಲ್ಲು ಕಡಿದ. “ನಾಳೆಯಿಂದ ನಿನ್ನ ಬ್ರೆಡ್ಡು ನನ್ನ ಮನೆಗೆ ಬೇಡ!”

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಯಾರಪ್ಪಾ ಆ ಪುಣ್ಯಾತ್ಮ?” ಎಂದಳು ಫಿಟ್ಸ್‌ನರಮ್ಮ.

ನೆಲ್ ಬಾಗಿಲ ಬಳಿ ನಿಂತಿದ್ದಳು. ಅವಳೆದುರು ಮಾನ ಉಳಿಸಿಕೊಳ್ಳಲು ಕ್ಲಾರಿ ಎದೆಯುಬ್ಬಿಸಿದ.

“ಇನ್ಯಾರು? ನಾನೇ! ನನ್ನ ಓಟು ನನಗೇ ಹಾಕ್ಕೊಂಡೆ!”

ನೆಲ್ ಸದ್ದಿಲ್ಲದೆ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಹೌದಾ ಕ್ಲಾರಿ? ಹಾಗಾದ್ರೆ ನಾನು ನಿನಗೆ ಹಾಕಿದ್ದು ಎಲ್ಲಿ ಹೋಯ್ತು?”