ಕಾಫಿ ನೀರಿಗಾಗಿ ರೋಡು ಅಗೆಸಿದ್ದು

ಆಗ ನನಗೆ ಎಪ್ಪತ್ತೊಂದು. ಅದಾಗಿ ಮೂರು ವರ್ಷ ಕಳೆಯಿತು. ವಯಸ್ಸಾದ ಮೇಲೆ ಮನುಷ್ಯರಿಗೆ ಸಿಟ್ಟು ಕಮ್ಮಿಯಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಲ್ಲು ಕಮ್ಮಿಯಾಯಿತು, ಕಣ್ಣು ಕಮ್ಮಿಯಾಯಿತು, ಮಂಡಿಯಲ್ಲಿ ಬಲ ಕಮ್ಮಿಯಾಯಿತು. ಸಿಟ್ಟು ಮಾತ್ರ ಮದುವೆಯಾಗಿ ಬಂದಾಗ ಎಷ್ಟಿತ್ತೋ ಅಷ್ಟೇ ಇದೆ. ಬೆಳಿಗ್ಗೆ ಒಂದು ಲೋಟ ಕಾಫಿ ಸರಿಯಾಗಿ ಬಿದ್ದರೆ ಹತ್ತು ಗಂಟೆಯವರೆಗೂ ಯಾರ ತಂಟೆಗೂ ಹೋಗುವುದಿಲ್ಲ. ಅದು ಕೆಟ್ಟರೆ ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಹೇಳುವುದು ಸುಲಭ.

ನಮ್ಮದು ಸುದ್ದಗುಂಟೆಪಾಳ್ಯ. ಅದು ಹಳ್ಳಿಯಾಗಿದ್ದ ಕಾಲದಿಂದ ಇರುವವರು ನಾವು. ಹೊಲ ಹೋಯಿತು, ಹೊಲದ ಮೇಲೆ ರೋಡು ಬಂತು, ರೋಡಿನ ಎರಡೂ ಕಡೆ ಮನೆ ಬಂತು. ಈಗ ಕೆಳಗೆ ನಾನು, ಮಗ ಕೃಷ್ಣ, ಸೊಸೆ ಲತಾ. ಮೇಲಿನ ಎರಡು ಅಂತಸ್ತು ಬಾಡಿಗೆಗೆ. ಮೇಲಿನ ಬಾಡಿಗೆ ಹುಡುಗಿಯೊಬ್ಬಳು ನಾನು ಕಾಫಿ ಕಾಸುವುದನ್ನು ನೋಡಿದಾಗಲೆಲ್ಲ ಕಣ್ಣರಳಿಸಿ, "ಅಜ್ಜಿ, ನಿಮ್ಮ ಕಾಲದಲ್ಲಿ ಬಾವಿ ನೀರಿನ ಕಾಫಿ ಸಖತ್ತಾಗಿರ್ತಿತ್ತು ಅಲ್ವಾ?" ಎಂದು ಕೇಳುತ್ತಾಳೆ. "ಬಾವೀಲಿ ಕಪ್ಪೆ ಇತ್ತು ಕಣಮ್ಮ, ಕಾಫಿ ಇರಲಿಲ್ಲ" ಎಂದರೆ ಅವಳ ಮುಖ ಸಣ್ಣದಾಗುತ್ತದೆ. ನಾನೇನು ಮಾಡಲಿ? ನಮ್ಮ ಅತ್ತೆ ಕೊಡುತ್ತಿದ್ದುದು ಅಂಬಲಿ. ಕಾಫಿ ನಮ್ಮ ಮನೆಗೆ ಬಂದದ್ದು ಕಾವೇರಿ ನೀರು ಬಂದ ಮೇಲೆ. ಅದಕ್ಕೇ ನನಗೆ ಕಾಫಿ ಎಂದರೆ ಕಾವೇರಿ ನೀರು.

ಆ ನೀರು ದಿನ ಬಿಟ್ಟು ದಿನ ಬೆಳಿಗ್ಗೆ ಐದಕ್ಕೆ ಬರುತ್ತದೆ. ಮನೆಗೆಲ್ಲ ಸಂಪಿನಿಂದ ಪಂಪು ಮಾಡಿ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ನನಗೆ ಸಂಪಿನ ನೀರು ಆಗದು. ನೆಲದೊಳಗೆ ಕತ್ತಲಲ್ಲಿ ಎರಡು ದಿನ ಕೂತ ನೀರಿನಲ್ಲಿ ಜಿರಲೆ ಈಜಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮಗ ಸಂಪು ಕಟ್ಟಿಸಿ ಅದಕ್ಕೆ ಹೊಸ ಪ್ಲಾಸ್ಟಿಕ್ ಪೈಪು ಎಳೆಸುವಾಗಲೇ, "ಅಂಗಳದ ನಲ್ಲಿಯ ತಂಟೆಗೆ ಬಂದರೆ ನೋಡು" ಎಂದು ಹೇಳಿ ಅದನ್ನು ಉಳಿಸಿಕೊಂಡಿದ್ದೆ. ರೋಡಿನ ಪೈಪಿನಿಂದ ನೇರ ಅಂಗಳದ ನಲ್ಲಿಗೆ, ನಲ್ಲಿಯಿಂದ ನನ್ನ ಸ್ಟೀಲ್ ಬಿಂದಿಗೆಗೆ, ಬಿಂದಿಗೆಯಿಂದ ಕಾಫಿಗೆ. ನಡುವೆ ಯಾರೂ ಇರಬಾರದು.

ಹೀಗಿರುವಾಗ ಒಂದು ದಿನ ಕಾಫಿ ಬೂದಿ ಬಣ್ಣಕ್ಕೆ ತಿರುಗಿತು. ಡಿಕಾಕ್ಷನ್ ಎಂದಿನಂತೆ ಇಳಿದಿತ್ತು, ಆದರೆ ಹಾಲು ಬೆರೆಸಿದರೆ ಕೆಂಪಗೆ ಬರಬೇಕಾದದ್ದು ಸ್ಲೇಟು ತೊಳೆದ ನೀರಿನ ಹಾಗಿತ್ತು. ಬಾಯಿಗೆ ಹಾಕಿದರೆ ಕುಡುಗೋಲು ನೆಕ್ಕಿದ ರುಚಿ. ಮೊದಲು ಹಾಲಿನವನನ್ನು ಬೈದೆ. ಅವನು ಹಾಲು ಬದಲಾಯಿಸಿದ, ಕಾಫಿ ಬದಲಾಗಲಿಲ್ಲ. ಆಮೇಲೆ ಜಯನಗರದ ಪುಡಿ ಅಂಗಡಿಯವನ ಹತ್ತಿರ ಹೋಗಿ, ಇನ್ನೂ ನಾಲ್ಕು ಜನ ಗಿರಾಕಿಗಳು ನಿಂತಿರುವಾಗಲೇ, "ಚಿಕೋರಿ ಹಾಕ್ತೀಯೋ, ಇದ್ದಿಲು ಹಾಕ್ತೀಯೋ?" ಎಂದು ಕೇಳಿದೆ. ಪಾಪ, ಅವನು ನನ್ನ ಕಣ್ಣೆದುರಿಗೇ ಬೀಜ ಹುರಿಸಿ ಪುಡಿ ಮಾಡಿಸಿ ಕೊಟ್ಟ. ಅದೂ ಬೂದಿಯೇ ಆಯಿತು. ಆಗ ನನಗೆ ಅನುಮಾನ ಬಂದದ್ದು ನೀರಿನ ಮೇಲೆ.

ನೀರಿನ ಮೇಲೆ ಅನುಮಾನ ಬಂತು ಎಂದು ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಈ ಊರಿನಲ್ಲಿ ಯಾವ ವಿಷಯಕ್ಕೆ ಇಲ್ಲದಿದ್ದರೂ ನೀರಿನ ವಿಷಯಕ್ಕೆ ಪ್ರತಿಯೊಬ್ಬರೂ ಪಂಡಿತರು. ಲತಾ, "ಅತ್ತೆ, ನಮ್ಮ ಮಿಶಿನ್ ನೀರಲ್ಲಿ ಮಾಡಿ, ಚೆನ್ನಾಗೇ ಬರುತ್ತಲ್ಲ" ಎಂದಳು. ಅಡುಗೆಮನೆಯಲ್ಲಿ ಗೋಡೆಗೆ ನೇತುಹಾಕಿದ ಫಿಲ್ಟರ್ ಅವಳದು; ನಾನು ಅದಕ್ಕೆ ಮಿಶಿನ್ ಎನ್ನುತ್ತಿದ್ದುದರಿಂದ ಅವಳಿಗೂ ಅದೇ ಬಾಯಿಗೆ ಬಂದಿದೆ. ಮಾಡಿ ನೋಡಿದೆ. ಬಣ್ಣ ಬಂತು, ರುಚಿ ಸಪ್ಪೆ. ಜ್ವರ ಬಂದಾಗ ಬಾಯಿ ಇರುತ್ತದಲ್ಲ, ಹಾಗೆ. ಮೇಲಿನ ಹುಡುಗಿ ಕ್ಯಾನ್ ನೀರು ತಂದುಕೊಟ್ಟಳು. ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯ ವಾಸನೆ. ಬೋರ್‌ವೆಲ್ ನೀರಿನಲ್ಲಿ ಕಾಸಿದರೆ ಡಿಕಾಕ್ಷನ್ ಸುಣ್ಣದ ನೀರಿನಂತೆ ಮಂಕು. ಆ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ, ಕಾಫಿ ಎಲ್ಲಿ ಬೇಯಬೇಕು. ಕೃಷ್ಣ ಫೋನಿನಲ್ಲಿ ಓದಿ, ಕಾಫಿಗೆ ಇಂತಿಂಥ ಉಪ್ಪಿರುವ ನೀರೇ ಬೇಕಂತೆ, ಹೊರದೇಶದಲ್ಲಿ ಆ ಉಪ್ಪನ್ನು ಪುಡಿ ಮಾಡಿ ಪೊಟ್ಟಣದಲ್ಲಿ ಮಾರುತ್ತಾರಂತೆ ಎಂದ. ನೀರಿನ ಉಪ್ಪು ತೆಗೆಯಲು ಒಂದು ಮಿಶಿನ್, ತೆಗೆದ ಉಪ್ಪು ವಾಪಸು ಹಾಕಲು ಒಂದು ಪೊಟ್ಟಣ. ಇದನ್ನು ಓದಿ ಹೇಳುವುದಕ್ಕೆ ಇವನನ್ನು ಡಿಗ್ರಿ ಓದಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಿಶಿನ್ ಮಾರುವವನೊಬ್ಬ ಟೈ ಕಟ್ಟಿಕೊಂಡು ಬಂದ. ನನ್ನ ನೀರನ್ನು ಗ್ಲಾಸಿಗೆ ಹಾಕಿ, ಎರಡು ಕಬ್ಬಿಣದ ಕಡ್ಡಿ ಅದ್ದಿ, ಕರೆಂಟು ಕೊಟ್ಟ. ನೀರಿನ ಮೇಲೆ ಕಂದು ಬಣ್ಣದ ಕೊಳೆ ತೇಲಿತು. "ನೋಡಿ ಆಂಟಿ, ಇದನ್ನೇ ನೀವು ದಿನಾ ಕುಡೀತಿರೋದು" ಎಂದ. "ನಾನು ದಿನಾ ಕರೆಂಟು ಹಾಕ್ಕೊಂಡು ಕುಡಿಯಲ್ಲಪ್ಪ. ಅದು ನಿನ್ನ ಕಡ್ಡಿ ಕರಗಿದ್ದು, ನೀರಿಂದಲ್ಲ" ಎಂದೆ. ಅವನು ಕಡ್ಡಿ ಒರೆಸಿಕೊಂಡು ಎದುರುಮನೆಗೆ ಹೋದ. ಎದುರುಮನೆ ರತ್ನಮ್ಮ ಅದೇ ಮಧ್ಯಾಹ್ನ ಮಿಶಿನ್ ಹಾಕಿಸಿಕೊಂಡಳು. ನೀಲಿ ದೀಪ ಬೇರೆ ಉರಿಯುತ್ತದೆ ಅದರಲ್ಲಿ. "ನೀರು ಕುಡಿಯೋಕೆ ದೀಪ ಹಚ್ಚಬೇಕೇನೇ?" ಎಂದು ನಾನು ಗೇಟಿನಿಂದಲೇ ಕೇಳಿದ್ದೆ.

ನೀರು ಬಿಡುವ ಗಂಗಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದೆ. ಅವನು ಕೈಯಲ್ಲಿದ್ದ, ವಾಲ್ವು ತಿರುಗಿಸುವ ಉದ್ದನೆಯ ಕೀಲಿಯನ್ನು ಹೆಗಲಿಗೇರಿಸಿ, "ಅಜ್ಜಿ, ಬೇರೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಎಂದ.

"ಬೇರೆಯವರ ಮನೇಲೆಲ್ಲ ಮಿಶಿನ್ ಇದೆ. ಕೊಳೆ ಬಂದ್ರೂ ಗೊತ್ತಾಗಲ್ಲ, ಅಮೃತ ಬಂದ್ರೂ ಗೊತ್ತಾಗಲ್ಲ. ಈ ಬೀದೀಲಿ ನಾಲಿಗೆ ಇರೋಳು ನಾನೊಬ್ಬಳೇ."

"ಅದಂತೂ ನಿಜ ಬಿಡಿ" ಎಂದು ಹೇಳಿ ಹೊರಟ.

ಅದನ್ನು ಅವನು ಯಾವ ಅರ್ಥದಲ್ಲಿ ಹೇಳಿದ ಎಂದು ಯೋಚಿಸುವಷ್ಟು ಪುರಸೊತ್ತು ನನಗಿರಲಿಲ್ಲ. ಮರುದಿನ ಆ ಬೂದಿ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಕೊಂಡು ನೀರಿನ ಆಫೀಸಿಗೆ ಹೋದೆ. ಅಲ್ಲಿನ ಇಂಜಿನಿಯರು ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. "ಕುಡೀರಿ ಸಾರ್" ಎಂದು ಲೋಟಕ್ಕೆ ಬಗ್ಗಿಸಿ ಮುಂದಿಟ್ಟೆ. ಲಂಚವೇನೋ ಎಂದು ಹೆದರಿದವನಂತೆ ಆಚೀಚೆ ನೋಡಿ ಒಂದು ಗುಟುಕು ಕುಡಿದ. ಕುಡಿದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಡೆಗೆ ಕಷ್ಟಪಟ್ಟು ನುಂಗಿ, "ಏನೋ ಇದೆ ಅಮ್ಮ" ಎಂದ. ರೋಡು ಅಗೆಯಬೇಕಾದರೆ ಬೀದಿಯ ಐದು ಮನೆಯವರು ಸಹಿ ಹಾಕಿದ ಅರ್ಜಿ ಬೇಕು ಎಂದೂ ಹೇಳಿದ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಒಂದೊಂದು ಅಕ್ಷರವನ್ನೂ ಗದ್ದೆಯಲ್ಲಿ ಪೈರು ನಾಟಿದಂತೆ ನಾಟುತ್ತಾ ಅರ್ಜಿಯನ್ನು ನಾನೇ ಬರೆದೆ. ಮಗನ ಕೈಲಿ ಬರೆಸಿದ್ದರೆ ಅವನು ದಯವಿಟ್ಟು, ಕೃಪೆಯಿಟ್ಟು ಎಂದೆಲ್ಲ ಸೇರಿಸುತ್ತಿದ್ದ. ನಾನು 'ನೀರು ಕೆಟ್ಟಿದೆ, ಬಂದು ಅಗೆಯಿರಿ' ಎಂದಷ್ಟೇ ಬರೆದೆ. ಆಮೇಲೆ ಫ್ಲಾಸ್ಕು ಹಿಡಿದು ಮನೆಮನೆಗೆ ಹೋದೆ. ಕುಡಿದು ನೋಡಿ, ಆಮೇಲೆ ಸಹಿ ಹಾಕಿ ಎಂದೆ. ಮೂರನೇ ಮನೆಯ ರಿಟೈರ್ಡ್ ಮೇಷ್ಟರು ನಾನು ಎರಡನೇ ಲೋಟ ಬಗ್ಗಿಸುವುದನ್ನು ನೋಡಿ ಗಡಬಡಿಸಿ ಸಹಿ ಹಾಕಿದರು, ಹೆಂಡತಿಯ ಸಹಿಯನ್ನೂ ಅವರೇ ಹಾಕಿಬಿಟ್ಟರು. ರತ್ನಮ್ಮನ ಮನೆಗೆ ಮಾತ್ರ ಹೋಗಲಿಲ್ಲ.

ಹೋಗದಿರುವುದಕ್ಕೆ ಕಾರಣವಿತ್ತು. ಆ ರೋಡು ಅವಳದು. ಅಂದರೆ, ಅಲ್ಲಿ ಇಲ್ಲಿ ಎರಡು ವರ್ಷ ಅಲೆದು, ಕಂಡವರ ಕಾಲು ಹಿಡಿದು, ಗುಂಡಿ ಬಿದ್ದ ಬೀದಿಗೆ ಟಾರು ಹಾಕಿಸಿದವಳು ಅವಳು. ಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಮನೆ ಅಂಗಳ ಗುಡಿಸಿದ ಮೇಲೆ ಆ ಟಾರನ್ನೂ ಗುಡಿಸುತ್ತಿದ್ದಳು. ನಮ್ಮ ಮನೆಗೆ ಪೈಪು ಕವಲೊಡೆಯುವುದು ಸರಿಯಾಗಿ ಅವಳ ಗೇಟಿನ ಮುಂದೆ.

ಗಂಗಪ್ಪ ಇಬ್ಬರು ಆಳುಗಳನ್ನೂ ಗುದ್ದಲಿಯನ್ನೂ ತಂದು ನಿಂತಾಗ ರತ್ನಮ್ಮ ಪೊರಕೆ ಹಿಡಿದೇ ಹೊರಗೆ ಬಂದಳು.

"ಅಕ್ಕ, ನಿಮ್ಮ ಒಂದು ಲೋಟ ಕಾಫಿಗೆ ನಮ್ಮ ರೋಡ್ ಅಗೀಬೇಕಾ?"

"ನಿಮ್ಮ ರೋಡು ಅಂತ ಯಾರು ಬರ್ಕೊಟ್ರು? ನೀನು ನಿಂತಿರೋದು ನಮ್ಮಾವನ ರಾಗಿ ಹೊಲ."

"ಹೊಲ ಆಗಿದ್ದಾಗ ಬಿತ್ಕೋಬೇಕಿತ್ತು. ಈಗ ರೋಡು. ನೀರು ಸರಿಯಿಲ್ಲ ಅಂದ್ರೆ ಎಲ್ರ ಹಾಗೆ ಫಿಲ್ಟರ್ ಹಾಕಿಸ್ಕೊಳ್ಳಿ."

"ದೀಪ ಹಚ್ಚಿ ಕುಡಿಯೋ ನೀರು ನಿನಗಿರಲಿ. ಅದರಲ್ಲಿ ಮಾಡಿದ ಕಾಫೀನ ನಾನು ಕೈಕಾಲು ತೊಳೆಯೋಕೂ ಮುಟ್ಟಲ್ಲ."

ಅಷ್ಟರಲ್ಲಿ ಸಹಿ ಹಾಕಿದವರು, ಹಾಕದವರು ಎಲ್ಲರೂ ಗೇಟಿಗೆ ಬಂದು ನಿಂತಿದ್ದರು. ರತ್ನಮ್ಮ ಪೊರಕೆ ಕೆಳಗಿಟ್ಟು, "ಅಗೆದ ಮೇಲೆ ಇಲ್ಲಿ ತಪ್ಪಿಲ್ಲ ಅಂತ ಆದ್ರೆ?" ಎಂದು ಕೇಳಿದಳು. ಅಷ್ಟು ಮೆತ್ತಗೆ ಕೇಳದೆ ಕೂಗಾಡಿದ್ದರೆ ನಾನೂ ಕೂಗಾಡಿ ಸುಮ್ಮನಾಗುತ್ತಿದ್ದೆ.

"ಆದ್ರೆ ನಾಳೆಯಿಂದ ನಮ್ಮನೆ ಒಲೆ ಮೇಲೆ ಕಾಫಿ ಇಡಲ್ಲ. ನನ್ನ ಮಾತಿದು."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಳು. ಎಲ್ಲರೂ ಕೇಳಿಸಿಕೊಂಡಿದ್ದರು. ಮೇಲಿನ ಹುಡುಗಿ ಬಾಲ್ಕನಿಯಿಂದ ಫೋನು ಬೇರೆ ಹಿಡಿದಿದ್ದಳು.

ಅಗೆದರು. ಬಿಸಿ ಆರದ ರೊಟ್ಟಿಯಂತಿದ್ದ ಆ ಹೊಸ ಟಾರು ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಒಂದೊಂದು ಏಟಿಗೂ ರತ್ನಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗಂಗಪ್ಪ ದೊಡ್ಡ ಪೈಪಿನ ಜಾಯಿಂಟು ಬಿಚ್ಚಿ, ಅದರಲ್ಲಿ ನಿಂತಿದ್ದ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಬಿಸಿಲಿಗೆ ಎತ್ತಿದ. ಒಂದು ಚೂರು ಕಸವಿಲ್ಲ. ನನ್ನ ಕೈಗೇ ಕೊಟ್ಟ. ಕುಡಿದೆ. ಇಷ್ಟು ದಿನದಿಂದ ನಾನು ಹುಡುಕುತ್ತಿದ್ದ ನೀರೇ ಅದು. ಚೆನ್ನಾಗಿಲ್ಲ ಎಂದು ಸುಳ್ಳು ಹೇಳಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಅಷ್ಟರಲ್ಲಿ ಗಂಗಪ್ಪ ನಮ್ಮ ಗೇಟಿನ ಬುಡದಲ್ಲಿ ಅಗೆಸಿ ಅಂಗಳದ ನಲ್ಲಿಯ ಪೈಪನ್ನು ಎಳೆಸಿದ. ಕೊಯ್ದು ನೋಡಿದರೆ ಒಳಗೆ ಕಿರುಬೆರಳು ತೂರುವಷ್ಟೇ ಜಾಗ, ಉಳಿದದ್ದೆಲ್ಲ ತುಕ್ಕು. ಕೊಡವಿದರೆ ಹಿಡಿ ಹಿಡಿಯಾಗಿ ಉದುರಿತು.

"ರೋಲರ್ ಓಡಾಡಿದಾಗ ಅದುರಿ ಕಳಚಿಕೊಂಡಿರಬೇಕು" ಎಂದ ಗಂಗಪ್ಪ.

ನನಗೆ ಜೀವ ಬಂತು. "ನೋಡಿದ್ಯಾ ರತ್ನಮ್ಮ? ನಿನ್ನ ರೋಡಿಂದಲೇ ಆಗಿದ್ದು."

"ಅದೇ ರೋಲರ್ ನಮ್ಮನೆ ಪೈಪ್ ಮೇಲೂ ಓಡಾಡ್ತು ಅಕ್ಕ" ಎಂದಳು.

ಕೃಷ್ಣ ಬಗ್ಗಿ ಪೈಪನ್ನು ನೋಡುತ್ತಿದ್ದವನು, "ಅಮ್ಮ, ಇದು ನಮ್ಮ ಹೊಲದ ಪಂಪ್‌ಸೆಟ್ಟಿನ ಪೈಪಲ್ವಾ?" ಎಂದ. ಎಲ್ಲರ ಎದುರಿಗೆ ಕೇಳಬೇಕೆ ಆ ದಡ್ಡ? ಅದೇ ಪೈಪು. ನಡುವೆ ಎತ್ತಿನ ಗಾಡಿ ಹತ್ತಿ ತಗ್ಗಾಗಿದ್ದ ಗುರುತೂ ಹಾಗೇ ಇತ್ತು. ಕಾವೇರಿ ನೀರಿನ ಕನೆಕ್ಷನ್ ಬಂದಾಗ ನಮ್ಮ ಯಜಮಾನರು ಹೊಸ ಪೈಪು ತರಲು ಹೊರಟಿದ್ದರು. ಹೊಲವನ್ನು ಕೊಟ್ಟಾಗ ಕಿತ್ತು ತಂದ ಪೈಪು ಹಿತ್ತಲಲ್ಲಿ ಬಿದ್ದಿತ್ತು. "ಇದೇನು ನೀರು ನೋಡದ ಪೈಪಾ? ಇದನ್ನೇ ಹಾಕಿಸಿ" ಎಂದವಳು ನಾನು. ಅವರು, ಬೇಡ ನಂಜಿ, ಆಗಲೇ ಹಳೆಯದಾಗಿದೆ ಎಂದರು. ನಾನು ಎರಡು ದಿನ ಅಡುಗೆ ಮಾಡದೆ ಕೂತೆ. ಹಾಕಿಸಿದರು. ಸಂಪಿಗೆ ಹೊಸ ಪೈಪು ಹಾಕಿದ ದಿನ ಮಗ ಇದನ್ನೂ ಬದಲಾಯಿಸಲು ಬಂದಾಗ ಓಡಿಸಿದವಳೂ ನಾನೇ. ಯಜಮಾನರು ಬದುಕಿದ್ದರೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು. ಅದಕ್ಕೂ ಅವರಿಲ್ಲ.

ಅವತ್ತು ಸಂಜೆಯೇ ಮಗ ಹೊಸ ಪೈಪು ಹಾಕಿಸಿದ. ರೋಡಿನ ಗುಂಡಿಗೆ ಮಣ್ಣು ತುಂಬಿ ಆಳುಗಳು ಹೋದರು. ಟಾರು ಹಾಕಲು ಬೇರೆಯವರು ಬರಬೇಕಂತೆ. ಯಾವಾಗ ಎಂದು ರತ್ನಮ್ಮ ಕೇಳಿದ್ದಕ್ಕೆ ಗಂಗಪ್ಪ ಆಕಾಶ ನೋಡಿದ. ಬೀದಿಯಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದೆ. ಅನ್ನದೆ ಬಿಟ್ಟ ಸಿಟ್ಟು ನನಗೆ ಇನ್ನೂ ಇದೆ.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ನೀರು ಬಂತು. ಬಿಂದಿಗೆಯ ತಳದಲ್ಲಿ ಕೊರೆದ ಹೆಸರು ಎದ್ದು ಕಾಣುವಷ್ಟು ತಿಳಿ. ತಂದು ಅಡುಗೆಮನೆಯಲ್ಲಿಟ್ಟೆ. ಒಲೆ ಹಚ್ಚಲಿಲ್ಲ. ಆರು ಗಂಟೆಗೆ ತಲೆ ಹಿಡಿಯಿತು, ಆರೂವರೆಗೆ ಸಿಡಿಯತೊಡಗಿತು. ಲತಾ ಬಂದು ಬಾಗಿಲು ಅರ್ಧ ಮುಚ್ಚಿ, "ಅತ್ತೆ, ನಾನು ಕಾಸಿಕೊಡ್ಲಾ? ಯಾರಿಗೂ ಹೇಳಲ್ಲ" ಎಂದಳು. ಬೇಡ ಎಂದೆ. ಇಡೀ ಬೀದಿ ಕೇಳಿದ ಮಾತು. ಕದ್ದು ಕುಡಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಏಳಕ್ಕೆ ಸೆರಗು ಸರಿ ಮಾಡಿಕೊಂಡು ಗೇಟು ತೆಗೆದೆ. ನಾನೇ ಎಬ್ಬಿಸಿದ ಮಣ್ಣಿನ ದಿಬ್ಬವನ್ನು ಮಂಡಿ ಹಿಡಿದುಕೊಂಡು ಹತ್ತಿ ಇಳಿದು, ಎದುರುಮನೆಯ ಮೆಟ್ಟಿಲ ಮೇಲೆ ಕೂತೆ. ರತ್ನಮ್ಮ ಪೊರಕೆ ಹಿಡಿದು ಬಂದವಳು ನಿಂತಳು.

"ರತ್ನಮ್ಮ, ಒಂದು ಲೋಟ ಕಾಫಿ ಕೊಡು" ಎಂದೆ.

ಅವಳು ಮಣ್ಣಿನ ದಿಬ್ಬದ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು, ಒಳಗೆ ಹೋದಳು. ತೆರೆದ ಬಾಗಿಲಿನಿಂದ ಅಡುಗೆಮನೆ ಗೋಡೆಯ ಮೇಲಿನ ನೀಲಿ ದೀಪ ಕಾಣುತ್ತಿತ್ತು. ನಾನು ಮುಖ ರೋಡಿನ ಕಡೆ ತಿರುಗಿಸಿಕೊಂಡೆ. ಲೋಟ ತಂದು ಕೊಟ್ಟಳು. ಬಿಸಿ ಇತ್ತು, ಕೆಂಪಗಿತ್ತು. ಕುಡಿದೆ. ಯಾವ ನೀರು ಎಂದು ಕೇಳಲಿಲ್ಲ. ಎರಡನೇ ಲೋಟಕ್ಕೂ ಕೇಳಲಿಲ್ಲ.