ಖಡೇಬಜಾರಿನಲ್ಲಿ ಹಡಗು ನಡೆಸಿದ ಕಾಕಾ

ನಮ್ಮ ಕಾಕಾ ಬೆಳಗಾವಿಯ ಖಡೇಬಜಾರಿನಲ್ಲಿ ಹಡಗು ನಡೆಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಬಿಡಿ, ಅವರ ಹೆಂಡತಿ, ನಮ್ಮ ಕಾಕೂನೇ ನಂಬಿರಲಿಲ್ಲ! ಸರಕು ಹಡಗಿನಲ್ಲಿ ಅಧಿಕಾರಿಯಾಗಿದ್ದವರು ಎಪ್ಪತ್ತರ ದಶಕದ ಕೊನೆಗೆ, ಇನ್ನೂ ನಲವತ್ತೈದರಲ್ಲೇ ಇರುವಾಗ, ಕೆಲಸ ಬಿಟ್ಟು ಬಂದುಬಿಟ್ಟರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಬಜಾರಿನಲ್ಲಿ ಅವರ ನಡಿಗೆ ನೋಡಬೇಕಿತ್ತು! ಅರೆಮುಚ್ಚಿದ ಕಣ್ಣು, ಅಂಗಡಿಗಳಾಚೆ ಎಲ್ಲೋ ನೀರು ಹರಡಿದೆಯೇನೋ ಎಂಬಂಥ ನೋಟ. ಎರಡು ಹಡಗುಗಳ ದಾರಿ ಅಡ್ಡ ಬಂದರೆ, ಇನ್ನೊಂದು ಹಡಗು ಯಾರ ಬಲಗಡೆ ಇದೆಯೋ ಅವರೇ ದಾರಿ ಬಿಡಬೇಕಂತೆ. ಒಂದು ದಿನ ಅವರ ಬಲಗಡೆಯಿಂದ ಎಮ್ಮೆ ಬಂತು. ಕಾಕಾ ನಿಂತರು. ಎಮ್ಮೆಯೂ ನಿಂತಿತು! ಹಿಂದೆ ಟಾಂಗಾಗಳ ಸಾಲೇ ಬೆಳೆಯಿತು.

"ನಡೀರಿ ಕಾಕಾ, ಮಂದಿ ನಗಾಕತ್ತಾರ," ನಾನು ಅವರ ತೋಳು ಜಗ್ಗಿದೆ.

"ನಗಲಿ. ಹಾದಿ ಅದರದೈತಿ."

"ಎಮ್ಮಿಗೆ ಆ ಕಾಯ್ದೆ ಗೊತ್ತಿಲ್ರಿ!"

"ಅದಕ್ಕಽ ನಾವು ಹುಷಾರಿರಬೇಕು."

ಮನೆಯಲ್ಲೂ ಇದೇ ಕಥೆ. ಮುಂದಿನದು ಕಾಣದ ತಿರುವಿನಲ್ಲಿ ಹಡಗು ಒಂದು ಉದ್ದ ಸೀಟಿ ಹೊಡೆಯಬೇಕಂತೆ. ಅಡುಗೆಮನೆಯಿಂದ ಹೊರಬರುವಾಗ ಕಾಕೂ ಕೂಡ ಹೊಡೆಯಬೇಕೆಂದು ಇವರ ವಾದ! ಕಾಕೂ ಕುದಿಯುವ ಸಾರಿನ ಪಾತ್ರೆ ಹಿಡಿದು, "ಸೀಟಿ ಹೊಡೀದಽ ಬಂದೇನ್ರಿ. ಸರೀತೀರೋ, ಮೈಮ್ಯಾಲ ಸುರುವಲ್ಯೋ?" ಎಂದರು. ಕಾಕಾ ಸರಿದರು.

ಒಂದು ಬೆಳಿಗ್ಗೆ ನಾವಿಬ್ಬರೂ ಖಾನಾಪುರದ ಬಸ್ಸಿನಲ್ಲಿ ಹೊರಟಿದ್ದೆವು. ನಾನಾಗ ಕಾಲೇಜಿನಲ್ಲಿದ್ದೆ. ದಟ್ಟ ಮಂಜು. ಗದ್ದೆಗಳು ಕರಗಿಹೋಗಿ, ಮರಗಳ ತಲೆಗಳು ಮಾತ್ರ ತೇಲುತ್ತಿದ್ದವು. ನಿದ್ದೆಗಣ್ಣಿಗೆ ಬಸ್ಸು ನೆಲ ಬಿಟ್ಟು ಸಾಗಿದಂತಿತ್ತು. ಆಗ ಎಡಗಡೆ ದೂರದಲ್ಲಿ ಮಂಕು ದೀಪವೊಂದು ಕಂಡಿತು.

"ಕುಂತಲ್ಲೇ ಕುಂತು ನೋಡು," ಕಾಕಾ ಕಿಟಕಿಯ ಸರಳು ತೋರಿಸಿದರು. "ದೀಪ ದೊಡ್ಡದಾಗಾಕತ್ತೈತಿ. ಆದರ ಸರಳ ಬಿಟ್ಟು ಆಕಡೆ ಈಕಡೆ ಸರೀವಲ್ದು. ಹಂಗಿದ್ದರ ನಮಗ ಬಂದು ಬಡೀತೈತಿ!"

ಎದ್ದು ನಿಂತು ಕೂಗಿದರು: "ಬ್ರೇಕ್ ಹಾಕ್ರಿ!"

"ಕಾಕಾ, ಇದು ಬಸ್ಸೈತ್ರಿ, ಜಹಾಜಲ್ಲ!" ಡ್ರೈವರ್ ನಕ್ಕರು.

"ಹಾಕೋ ಮಾರಾಯಾ!"

ಆ ದನಿಗೆ ಡ್ರೈವರನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಅಡ್ಡರಸ್ತೆಯಿಂದ ಹಂಚು ತುಂಬಿದ ಲಾರಿ ನಮ್ಮ ಮೂಗಿನ ಮುಂದೆಯೇ ಹಾದು ಮಂಜಿನಲ್ಲಿ ಮುಳುಗಿತು.

ಖಾನಾಪುರದ ಸ್ಟ್ಯಾಂಡಿನಲ್ಲಿ ಡ್ರೈವರ್ ತಾವೇ ಚಹಾ ತಂದಿಟ್ಟು, ಕಾಕಾನ ಕಾಲು ಮುಟ್ಟಿ ಹೋದರು. ನಾನು ಹೆಮ್ಮೆಯಿಂದ, "ಇವತ್ತು ಎಷ್ಟು ಜೀವ ಉಳಿಸಿದ್ರಿ ಕಾಕಾ!" ಎಂದೆ.

ಕಾಕಾ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ಉಳಸಲಿಲ್ಲ," ಎಂದರು. "ಜಹಾಜಿನ್ಯಾಗ ನನ್ನ ಪಾಳಿ ಇತ್ತು, ಹಿಂಗಽ ಮಂಜು. ಒಂದು ಮೀನ ಹಿಡಿಯೋ ದೋಣಿ. ಸರದು ಹೋಗತೈತಿ ಅಂತ ಅನಿಸ್ತು, ಮತ್ತೊಮ್ಮೆ ನೋಡಲಿಲ್ಲ, ಬಡೀತು. ಮೂರು ಮಂದೀನ ನೀರಿನಿಂದ ಎತ್ತಿದಿವಿ. ನಾಕನೇದಾಂವ ನಿನ್ನ ವಯಸ್ಸಿನಾಂವ, ಸಿಗಲೇ ಇಲ್ಲ."

ಮತ್ತೆ ಹೇಳಿದರು: "ಮಂಜು ಮುಚ್ಚೂಕಿಂತ ಮೊದಲ ಅಂವ ನನ್ನ ಕಡೆ ಕೈ ಬೀಸಿದ್ದ. ಸುಮ್ನ ಸಲಾಮ ಹೇಳತಾನ ಅಂತ ತಿಳಕೊಂಡೆ."

"ಮತ್ತ?"

"ನಾನೂ ಕೈ ಬೀಸಿದೆ."

ಅವರ ಬಲಗೈ ಮೇಜಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಚಹಾ ಆರಿತು. ನಾವು ಏಳಲಿಲ್ಲ.